ತಪ್ಪು ಎಷ್ಟು ಬೇಗ ತಿಳಿಯುತ್ತದೆ: ಅಜೈಲ್ ಪದ್ಧತಿ ಫಲಿಸುವುದು ಎಲ್ಲಿ, ಸೋಲುವುದು ಎಲ್ಲಿ

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2005ರಲ್ಲಿ ಒಂದು ದೊಡ್ಡ ಸೋಲನ್ನು ಒಪ್ಪಿಕೊಳ್ಳಬೇಕಾಯಿತು. ತನಿಖೆಯ ಕಡತಗಳನ್ನು ಕಾಗದದಿಂದ ಕಂಪ್ಯೂಟರಿಗೆ ತರಲೆಂದು ಬರೆಯಿಸಿದ್ದ ‘ವರ್ಚುವಲ್ ಕೇಸ್ ಫೈಲ್’ ಎಂಬ ತಂತ್ರಾಂಶಕ್ಕೆ ಸುಮಾರು 17 ಕೋಟಿ ಡಾಲರ್ ಸುರಿದ ಮೇಲೆ ಅದನ್ನು ಕೈಬಿಡಲಾಯಿತು. ಮರುವರ್ಷ ಅದೇ ಕೆಲಸವನ್ನು ‘ಸೆಂಟಿನೆಲ್’ ಎಂಬ ಹೊಸ ಹೆಸರಿನಲ್ಲಿ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆಗೆ ವಹಿಸಿದರು. ನಾಲ್ಕು ಹಂತಗಳಲ್ಲಿ ಕಟ್ಟಿ 2009ರ ಕೊನೆಗೆ ಮುಗಿಸುವುದೆಂದು ಲೆಕ್ಕ ಹಾಕಲಾಗಿತ್ತು. 2010ರ ಆಗಸ್ಟ್ ವೇಳೆಗೆ 45.1 ಕೋಟಿ ಡಾಲರ್‌ಗಳ ಒಟ್ಟು ಅಂದಾಜಿನಲ್ಲಿ 40.5 ಕೋಟಿ ಖರ್ಚಾಗಿತ್ತು. ಕೈಗೆ ಬಂದದ್ದು ನಾಲ್ಕರಲ್ಲಿ ಎರಡೇ ಹಂತ. ಉಳಿದದ್ದನ್ನು ಇದೇ ರೀತಿಯಲ್ಲಿ ಮುಗಿಸಲು ಇನ್ನೂ ಕನಿಷ್ಠ 35.1 ಕೋಟಿ ಡಾಲರ್ ಮತ್ತು ಆರು ವರ್ಷ ಬೇಕೆಂದು, ಸರಕಾರಕ್ಕೆ ತಾಂತ್ರಿಕ ಸಲಹೆ ನೀಡುವ ಮೈಟರ್ ಸಂಸ್ಥೆ ಸ್ವತಂತ್ರವಾಗಿ ಲೆಕ್ಕ ಹಾಕಿ ಹೇಳಿತು.

ಆಗ ಎಫ್‌ಬಿಐ ಕೆಲಸದ ಹಿಡಿತವನ್ನು ತನ್ನ ಕೈಗೇ ತೆಗೆದುಕೊಂಡಿತು. ಗುತ್ತಿಗೆದಾರ ಸಂಸ್ಥೆಯ ಸುಮಾರು 220 ಜನರ ಬದಲು 40 ಜನ ಸಾಕೆಂದಿತು. ತನ್ನದೇ ಸಿಬ್ಬಂದಿಯನ್ನು 30ರಿಂದ 12ಕ್ಕೆ ಇಳಿಸಿತು. ಕೆಲಸವನ್ನು ಎರಡೆರಡು ವಾರಗಳ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಕೊನೆಯಲ್ಲಿ ಅಲ್ಲಿಯವರೆಗೆ ಕಟ್ಟಿದ ತಂತ್ರಾಂಶವನ್ನು ಸಂಬಂಧಪಟ್ಟವರ ಮುಂದೆ ಚಲಾಯಿಸಿ ತೋರಿಸುವ ಕ್ರಮ ಬಂತು. ಹೀಗೆ ಸಣ್ಣ ತುಂಡುಗಳಲ್ಲಿ ಕಟ್ಟಿ, ಆಗಾಗ ತೋರಿಸಿ ತಿದ್ದಿಕೊಳ್ಳುವ ಪದ್ಧತಿಗೆ ಅಜೈಲ್ ಎಂದು ಹೆಸರು. 2012ರ ಜುಲೈ 1ರಂದು ಸೆಂಟಿನೆಲ್ ಇಡೀ ಸಂಸ್ಥೆಯ ಬಳಕೆಗೆ ಸಿಕ್ಕಿತು. ಆರು ವರ್ಷದ ಅಂದಾಜು ಎರಡು ವರ್ಷದೊಳಗೆ ಮುಗಿದಿತ್ತು.

ಅಜೈಲ್ ಪದ್ಧತಿಯ ಪರವಾಗಿ ಮಾತನಾಡುವವರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಇನ್ನಷ್ಟು ಹತ್ತಿರದಿಂದ ನೋಡಿದರೆ ಲೆಕ್ಕ ಅಷ್ಟು ಸರಳವಾಗಿಲ್ಲ. ಎರಡು ಹಂತಗಳು ಅದಾಗಲೇ ಕಟ್ಟಿ ನಿಂತಿದ್ದವು. ಎರಡು ಸೋಲುಗಳ ಅನುಭವದಿಂದ ತಮಗೆ ಏನು ಬೇಕೆಂಬುದು ಸಂಸ್ಥೆಗೆ ಮೊದಲಿಗಿಂತ ಚೆನ್ನಾಗಿ ತಿಳಿದಿತ್ತು. ತಂಡ ಚಿಕ್ಕದಾದದ್ದರಿಂದಲೇ ಎಷ್ಟೋ ಗೊಂದಲ ಕಡಿಮೆಯಾಗಿರಬೇಕು. ಹಾಗಾದರೆ ಗೆಲುವಿನಲ್ಲಿ ಪದ್ಧತಿಯ ಪಾಲು ಎಷ್ಟು, ಉಳಿದವುಗಳ ಪಾಲು ಎಷ್ಟು? ಅಜೈಲ್ ಬಗ್ಗೆ ನಡೆಯುವ ವಾದಗಳೆಲ್ಲ ಎಡವುವುದು ಈ ಪ್ರಶ್ನೆಯ ಹತ್ತಿರವೇ. ಸೆಂಟಿನೆಲ್‌ನಲ್ಲಿ ಪದ್ಧತಿಯ ಪಾಲು ಸ್ಪಷ್ಟವಾಗಿ ಕಾಣುವ ಒಂದು ಸಂದರ್ಭವಂತೂ ಇದೆ. 2011ರ ಅಕ್ಟೋಬರಿನಲ್ಲಿ, ಕೆಲಸ ಪೂರ್ತಿಯಾಗುವ ಮೊದಲೇ, ಏಳುನೂರಕ್ಕೂ ಹೆಚ್ಚು ನಿಜವಾದ ಬಳಕೆದಾರರನ್ನು ಒಂದೇ ಹೊತ್ತಿಗೆ ಕೂರಿಸಿ ಪರೀಕ್ಷೆ ಮಾಡಿದಾಗ ವ್ಯವಸ್ಥೆ ಎರಡು ಬಾರಿ ನಿಂತುಹೋಯಿತು. ಇರುವ ಯಂತ್ರಗಳಿಗೆ ಆ ಭಾರ ಹೊರುವ ಶಕ್ತಿ ಇಲ್ಲವೆಂದು ಗೊತ್ತಾಗಿ, ಬಿಡುಗಡೆಯನ್ನು ಮುಂದೂಡಿ ಯಂತ್ರಗಳನ್ನು ಬಲಪಡಿಸಿದರು. ಇದೇ ಸಂಗತಿ ಬಿಡುಗಡೆಯ ಮರುದಿನ ದೇಶದಾದ್ಯಂತದ ಕಚೇರಿಗಳಲ್ಲಿ ಗೊತ್ತಾಗಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಅಜೈಲ್ ಎಂಬ ಹೆಸರು ಹುಟ್ಟಿದ್ದು 2001ರ ಫೆಬ್ರವರಿ 11ರಿಂದ 13ರವರೆಗೆ, ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ. ಕೆಂಟ್ ಬೆಕ್, ಮಾರ್ಟಿನ್ ಫೌಲರ್, ಕೆನ್ ಶ್ವೇಬರ್, ಜೆಫ್ ಸದರ್‌ಲ್ಯಾಂಡ್ ಮೊದಲಾದ 17 ಜನ ತಂತ್ರಾಂಶ ತಜ್ಞರು ಅಲ್ಲಿ ಸೇರಿ, ನಾಲ್ಕು ಆದ್ಯತೆಗಳ ಒಂದು ಚಿಕ್ಕ ಪ್ರಣಾಳಿಕೆಯನ್ನು ಬರೆದರು. ಅದರ ಜೊತೆಗೆ 12 ತತ್ವಗಳೂ ಬಂದವು. ಪ್ರಕ್ರಿಯೆ ಮತ್ತು ಸಲಕರಣೆಗಳಿಗಿಂತ ಜನ ಮತ್ತು ಅವರ ನಡುವಿನ ಮಾತುಕತೆ, ಸಮಗ್ರ ದಾಖಲೆಗಿಂತ ನಡೆಯುವ ತಂತ್ರಾಂಶ, ಒಪ್ಪಂದದ ಚೌಕಾಸಿಗಿಂತ ಗ್ರಾಹಕರ ಸಹಭಾಗಿತ್ವ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಹೆಚ್ಚು ಮುಖ್ಯ ಎಂಬುದು ಅದರ ಸಾರ. ಕಡಿಮೆ ಮುಖ್ಯವೆಂದು ಹೇಳಿದ್ದಕ್ಕೂ ಬೆಲೆ ಇದೆ ಎಂದು ಅವರು ಅಲ್ಲಿಯೇ ಸ್ಪಷ್ಟಪಡಿಸಿದ್ದರು. ದಾಖಲೆಯೇ ಬೇಡ, ಯೋಜನೆಯೇ ಬೇಡ ಎಂದು ಅದನ್ನು ಓದಿಕೊಂಡವರು ಪ್ರಣಾಳಿಕೆಯ ಆ ಸಾಲನ್ನು ಬಿಟ್ಟು ಓದಿದ್ದಾರೆ.

ಇದಕ್ಕೆ ಎದುರಾಗಿ ನಿಲ್ಲಿಸುವ ಹಳೆಯ ಪದ್ಧತಿಗೆ ವಾಟರ್‌ಫಾಲ್ ಎಂದು ಹೆಸರು: ಬೇಡಿಕೆಗಳನ್ನು ಪೂರ್ತಿಯಾಗಿ ಬರೆಯುವುದು, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಆಮೇಲೆ ಪರೀಕ್ಷೆ, ಕೊನೆಗೆ ಬಿಡುಗಡೆ. ನೀರು ಮೇಲಿನ ಮೆಟ್ಟಿಲಿಗೆ ಹಿಂದಿರುಗದ ಹಾಗೆ ಇಲ್ಲಿ ಕೆಲಸವೂ ಹಿಂದಕ್ಕೆ ಹೋಗುವುದಿಲ್ಲ. ಈ ಮೆಟ್ಟಿಲುಗಳ ಚಿತ್ರ ಪ್ರಸಿದ್ಧವಾದದ್ದು 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಒಂದು ಪ್ರಬಂಧದಿಂದ. ಅದೇ ಪ್ರಬಂಧದಲ್ಲಿ ರಾಯ್ಸ್, ಇದನ್ನು ಹೀಗೆಯೇ ಜಾರಿಗೆ ತಂದರೆ ಅಪಾಯಕಾರಿ, ಸೋಲನ್ನು ಆಹ್ವಾನಿಸಿದಂತೆ ಎಂದು ಎಚ್ಚರಿಸಿದ್ದರು. ಪರೀಕ್ಷೆ ಕೊನೆಗೆ ಬರುವುದರಿಂದ, ಅಲ್ಲಿ ತಪ್ಪು ಕಂಡರೆ ಮತ್ತೆ ವಿನ್ಯಾಸಕ್ಕೇ ಮರಳಬೇಕಾಗುತ್ತದೆ ಎಂಬುದು ಅವರ ಕಾರಣ. ಚಿತ್ರವನ್ನು ನಕಲು ಮಾಡಿದವರು ಎಚ್ಚರಿಕೆಯನ್ನು ಹಿಂದೆಯೇ ಬಿಟ್ಟರು.

ಅಜೈಲ್ ಏಕೆ ಸಹಾಯ ಮಾಡಬಹುದು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಜಿಲ್ಲಾ ಆಸ್ಪತ್ರೆಯೊಂದರ ಹೊರರೋಗಿ ವಿಭಾಗಕ್ಕೆ ಚೀಟಿ ಬರೆಯುವ ತಂತ್ರಾಂಶ ಮಾಡುತ್ತಿದ್ದೇವೆ ಎಂದುಕೊಳ್ಳಿ. ಬೇಡಿಕೆಯ ಪತ್ರದಲ್ಲಿ “ರೋಗಿಯ ಜನ್ಮದಿನಾಂಕ ಕಡ್ಡಾಯ” ಎಂದಿದೆ. ಬರೆದವರಿಗೂ ಸಹಿ ಹಾಕಿದವರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಕೌಂಟರಿನ ಮುಂದೆ ಬಂದು ನಿಂತ ಅಜ್ಜಿಗೆ ತನ್ನ ಜನ್ಮದಿನಾಂಕ ಗೊತ್ತಿಲ್ಲ. “ಎಪ್ಪತ್ತೋ ಎಪ್ಪತ್ತೈದೋ ಇರಬೇಕಪ್ಪ” ಎನ್ನುತ್ತಾಳೆ. ದಿನಾಂಕ ತುಂಬದೆ ಪರದೆ ಮುಂದಕ್ಕೆ ಹೋಗುವುದಿಲ್ಲ. ಹಿಂದೆ ಸಾಲು ಬೆಳೆಯುತ್ತದೆ. ಕೌಂಟರಿನ ಗುಮಾಸ್ತರು ಬೇರೆ ದಾರಿ ಕಾಣದೆ ಎಲ್ಲ ವೃದ್ಧರಿಗೂ ಜನವರಿ 1 ಎಂದು ಹಾಕುತ್ತಾ ಹೋಗುತ್ತಾರೆ. ಎರಡನೆಯ ವಾರದಲ್ಲಿ ಆ ಕೌಂಟರಿನ ಹಿಂದೆ ಅರ್ಧ ದಿನ ನಿಂತು ಇದನ್ನು ನೋಡಿದ ಪ್ರೋಗ್ರಾಮರ್, “ಅಂದಾಜು ವಯಸ್ಸು” ಎಂಬ ಒಂದು ಖಾನೆಯನ್ನು ಸೇರಿಸಿ ಸಂಜೆಯೊಳಗೆ ಮುಗಿಸುತ್ತಾನೆ. ಇದೇ ಸಂಗತಿ ಎರಡು ವರ್ಷದ ನಂತರ, ಉದ್ಘಾಟನೆಯಾದ ಮೇಲೆ ತಿಳಿದರೆ, ಆ ಹೊತ್ತಿಗೆ ಔಷಧದ ಪ್ರಮಾಣ ಸೂಚಿಸುವ ಭಾಗ, ಹಿರಿಯ ನಾಗರಿಕರ ರಿಯಾಯಿತಿ, ತಿಂಗಳ ವರದಿ, ಗುರುತಿನ ಚೀಟಿಯ ಮುದ್ರಣ, ಎಲ್ಲವೂ ಆ ದಿನಾಂಕವನ್ನೇ ನಂಬಿಕೊಂಡು ಕುಳಿತಿರುತ್ತವೆ. ಒಂದನ್ನು ಮುಟ್ಟಿದರೆ ನಾಲ್ಕು ಕದಲುತ್ತವೆ.

ನನ್ನ ಅಭಿಪ್ರಾಯದಲ್ಲಿ ಅಜೈಲ್‌ನ ಬಲವೆಲ್ಲ ಇರುವುದು ಇಲ್ಲಿ. ಯಾರೂ ಮೊದಲೇ ಎಲ್ಲವನ್ನೂ ಸರಿಯಾಗಿ ಹೇಳಲಾರರು ಎಂದು ಅದು ಒಪ್ಪಿಕೊಳ್ಳುತ್ತದೆ, ಮತ್ತು ತಪ್ಪಿನ ಸುದ್ದಿ ತಿದ್ದಲು ಅಗ್ಗವಾಗಿರುವಾಗಲೇ ಬರುವಂತೆ ಕೆಲಸವನ್ನು ಜೋಡಿಸುತ್ತದೆ. ಹಾಗೆ ಆಗಬೇಕಾದರೆ ಎರಡು ಸಂಗತಿಗಳು ನಿಜವಾಗಿರಬೇಕು. ಒಂದು, ನಡೆಯುವ ತಂತ್ರಾಂಶ ನಿಜವಾದ ಬಳಕೆದಾರರ ಕೈಗೆ ಆಗಾಗ ತಲುಪಬೇಕು. ಇನ್ನೊಂದು, ಬಂದ ಸುದ್ದಿಯಂತೆ ಮಾಡಬೇಕಾದ ಕೆಲಸವನ್ನೇ ಬದಲಿಸುವ ಅಧಿಕಾರ ಯಾರಿಗಾದರೂ ಇರಬೇಕು. ಗುಮಾಸ್ತರ ಕಷ್ಟ ಕಂಡರೂ “ಒಪ್ಪಂದದಲ್ಲಿ ಹೀಗೇ ಇದೆ” ಎಂಬ ಉತ್ತರ ಬಂದರೆ, ಎರಡು ವಾರಕ್ಕೊಮ್ಮೆ ನೋಡಿದ್ದರಿಂದ ಪ್ರಯೋಜನವೇನು?

ಇನ್ನು ಪುರಾವೆಯ ವಿಷಯ. ಬಹಳ ಉಲ್ಲೇಖಗೊಳ್ಳುವ ಅಂಕಿಗಳು ಸ್ಟ್ಯಾಂಡಿಶ್ ಗ್ರೂಪ್ ಎಂಬ ಸಂಸ್ಥೆಯ ‘ಕೇಯಾಸ್’ ವರದಿಗಳಿಂದ ಬಂದವು. 1994ರ ಮೊದಲ ವರದಿಯ ಪ್ರಕಾರ ಯಶಸ್ವಿಯಾದ ಪ್ರಾಜೆಕ್ಟುಗಳು ಶೇ. 16.2 ಮಾತ್ರ. 2015ರ ವರದಿಯಲ್ಲಿ ಅಜೈಲ್ ಪ್ರಾಜೆಕ್ಟುಗಳಲ್ಲಿ ಶೇ. 39, ವಾಟರ್‌ಫಾಲ್ ಪ್ರಾಜೆಕ್ಟುಗಳಲ್ಲಿ ಶೇ. 11 ಯಶಸ್ವಿ ಎಂದಿತ್ತು. ಸಲಹೆಗಾರರ ಸ್ಲೈಡುಗಳಲ್ಲಿ ಈ ಸಂಖ್ಯೆಗಳನ್ನು ನೋಡದವರು ನಮ್ಮ ಕ್ಷೇತ್ರದಲ್ಲಿ ಕಡಿಮೆ. ಆದರೆ ಮೊದಲ ವರದಿಗಳಲ್ಲಿ ಯಶಸ್ಸು ಎಂದರೆ, ಮೊದಲು ಹೇಳಿದ ಸಮಯದಲ್ಲಿ, ಹೇಳಿದ ಹಣದಲ್ಲಿ, ಹೇಳಿದ ಎಲ್ಲ ಸೌಲಭ್ಯಗಳೊಂದಿಗೆ ಮುಗಿಯುವುದು. ಅಂದರೆ ಅಳೆಯುತ್ತಿದ್ದದ್ದು ಅಂದಾಜು ಎಷ್ಟು ಸರಿಯಾಗಿತ್ತು ಎಂಬುದನ್ನು. ತಂತ್ರಾಂಶದಿಂದ ಯಾರಿಗಾದರೂ ಉಪಕಾರವಾಯಿತೇ ಎಂಬುದು ಆ ಲೆಕ್ಕದಲ್ಲಿ ಇರಲೇ ಇಲ್ಲ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಎವೆಲೀನ್ಸ್ ಮತ್ತು ವೆರ್‌ಹೂಫ್ ಎಂಬ ಸಂಶೋಧಕರು ಈ ಅಳತೆಗೋಲನ್ನು ಬಿಡಿಸಿ ನೋಡಿ, ಇದು ದಾರಿ ತಪ್ಪಿಸುವಂಥದ್ದು, ಅಂದಾಜನ್ನು ಬೇಕೆಂದೇ ಹಿಗ್ಗಿಸಿದವರು ಇಲ್ಲಿ ಗೆದ್ದವರಾಗುತ್ತಾರೆ ಎಂದು ತೋರಿಸಿದರು.

ಎದುರು ಪಕ್ಷದ ಅಂಕಿಗಳೂ ಇದಕ್ಕಿಂತ ಗಟ್ಟಿಯಲ್ಲ. 2024ರಲ್ಲಿ ಬ್ರಿಟನ್ನಿನ ಒಂದು ಸಲಹಾ ಸಂಸ್ಥೆ, ಅಜೈಲ್ ಪ್ರಾಜೆಕ್ಟುಗಳ ಸೋಲಿನ ಪ್ರಮಾಣ ಶೇ. 268ರಷ್ಟು ಹೆಚ್ಚು ಎಂದು ಪ್ರಕಟಿಸಿ ಸುದ್ದಿ ಮಾಡಿತು. ಅದು ಬ್ರಿಟನ್ ಮತ್ತು ಅಮೆರಿಕದ 600 ಎಂಜಿನಿಯರುಗಳ ಸಮೀಕ್ಷೆ. ಅದರಲ್ಲಿ ಅಜೈಲ್ ಎಂದು ಎಣಿಸಿದ್ದು, ಬೇಡಿಕೆ ಸ್ಪಷ್ಟವಾಗುವ ಮೊದಲೇ ಕೆಲಸ ಆರಂಭಿಸಿ ಕೊನೆಯವರೆಗೆ ಬದಲಾಯಿಸುತ್ತಲೇ ಇದ್ದ ಪ್ರಾಜೆಕ್ಟುಗಳಂಥವನ್ನು. ಬಳಕೆದಾರರಿಗೆ ಆಗಾಗ ತಲುಪಿಸಿದರೇ ಎಂಬುದು ಅಲ್ಲಿ ಅಳತೆಯ ಭಾಗವಾಗಿರಲಿಲ್ಲ. ಸಮೀಕ್ಷೆ ಮಾಡಿದ ಸಂಸ್ಥೆ ಅದೇ ಹೊತ್ತಿಗೆ ತನ್ನದೇ ಪರ್ಯಾಯ ಪದ್ಧತಿಯನ್ನು ಮುಂದಿಡುತ್ತಿತ್ತು ಎಂಬುದನ್ನೂ ಮರೆಯಬಾರದು.

ವಿಶ್ವವಿದ್ಯಾಲಯಗಳ ಸಂಶೋಧನೆ ಹೆಚ್ಚು ತಾಳ್ಮೆಯದು. ನಾರ್ವೆಯ ಟೋರೆ ಡಿಬಾ ಮತ್ತು ಟೋರ್ಗೈರ್ ಡಿಂಗ್‌ಸೈರ್ 2008ರಲ್ಲಿ, ಅಲ್ಲಿಯವರೆಗೆ ಬಂದ 1,996 ಬರಹಗಳನ್ನು ಜರಡಿ ಹಿಡಿದಾಗ, ನಿಜವಾದ ಅಧ್ಯಯನವೆಂದು ಕರೆಯಬಹುದಾದವು ಉಳಿದದ್ದು 36. ಅವುಗಳ ಪುರಾವೆಯ ಬಲವೂ ಬಹಳ ಕಡಿಮೆ ಎಂದು ಅವರು ನೇರವಾಗಿ ಬರೆದರು. 2015ರಲ್ಲಿ ಸೆರಡೋರ್ ಮತ್ತು ಪಿಂಟೊ 1,002 ಪ್ರಾಜೆಕ್ಟುಗಳ ಮಾಹಿತಿಯಿಂದ, ಅಜೈಲ್‌ನ ಪಾಲು ಹೆಚ್ಚಿದಂತೆ ದಕ್ಷತೆ ಮತ್ತು ಸಂಬಂಧಪಟ್ಟವರ ತೃಪ್ತಿ ಹೆಚ್ಚುತ್ತದೆ ಎಂದು ಕಂಡುಕೊಂಡರು. ಆದರೆ ಅಂಕ ಕೊಟ್ಟವರು ಆ ಪ್ರಾಜೆಕ್ಟುಗಳಲ್ಲಿ ದುಡಿದವರೇ. ನನಗೆ ಹೆಚ್ಚು ಬೆಳಕು ಕೊಟ್ಟದ್ದು ಓಸ್ಲೋದ ಸಂಶೋಧಕ ಮಾಗ್ನೆ ಯೋರ್ಗೆನ್ಸೆನ್ ಅವರ 2016ರ ಕೆಲಸ. ಅವರು “ಅಜೈಲ್ ಮಾಡಿದಿರಾ” ಎಂದು ಮಾತ್ರ ಕೇಳಿ ಬಿಡಲಿಲ್ಲ. ಮಾಡಬೇಕಾದ ಕೆಲಸದ ವ್ಯಾಪ್ತಿಯನ್ನು ಬದಲಿಸಲು ಅವಕಾಶವಿತ್ತೇ, ತಂತ್ರಾಂಶ ಗ್ರಾಹಕರಿಗೆ ಆಗಾಗ ತಲುಪುತ್ತಿತ್ತೇ ಎಂದೂ ಬಿಡಿಬಿಡಿಯಾಗಿ ವಿಚಾರಿಸಿದರು. ಈ ಎರಡೂ ಇದ್ದ ಅಜೈಲ್ ಪ್ರಾಜೆಕ್ಟುಗಳಲ್ಲಿ ಗ್ರಾಹಕರಿಗೆ ಪ್ರಯೋಜನ ಹೆಚ್ಚಾಗಿತ್ತು. ಇವಿಲ್ಲದೆ ಅಜೈಲ್ ಎಂಬ ಹೆಸರಷ್ಟೇ ಇದ್ದಲ್ಲಿ ಆ ಲಾಭ ಕಾಣಲಿಲ್ಲ. ಆಸ್ಪತ್ರೆಯ ಕೌಂಟರಿನ ಉದಾಹರಣೆಯಿಂದ ನಾವು ತಲುಪಿದ ಎರಡು ಷರತ್ತುಗಳೂ ಇವೇ.

ಬ್ರಿಟನ್ನಿನ ‘ಯೂನಿವರ್ಸಲ್ ಕ್ರೆಡಿಟ್’ ಇದಕ್ಕೆ ಒಳ್ಳೆಯ ಸಾಕ್ಷಿ, ಏಕೆಂದರೆ ಅಲ್ಲಿ ಒಂದೇ ಕೆಲಸ ಎರಡು ರೀತಿಯಲ್ಲಿ ನಡೆಯಿತು. ಬೇರೆ ಬೇರೆ ಆರು ಸಹಾಯಧನಗಳನ್ನು ಒಂದಾಗಿಸುವ ಈ ಯೋಜನೆಯನ್ನು ಅಲ್ಲಿನ ಕಲ್ಯಾಣ ಇಲಾಖೆ ಆರಂಭದಲ್ಲೇ ಅಜೈಲ್ ಎಂದು ಘೋಷಿಸಿತ್ತು. ಆದರೆ ದೊಡ್ಡ ಗುತ್ತಿಗೆದಾರರೊಂದಿಗಿನ ಒಪ್ಪಂದಗಳು, ಮೇಲ್ವಿಚಾರಣೆಯ ಕ್ರಮ, ಹಣಕಾಸಿನ ಅನುಮೋದನೆ ಎಲ್ಲವೂ ಹಳೆಯ ಪದ್ಧತಿಯವೇ ಆಗಿದ್ದವು. 2013ರ ಫೆಬ್ರವರಿಯಲ್ಲಿ ಕೆಲಸವನ್ನು ತಡೆದು ಹೊಸದಾಗಿ ಯೋಚಿಸಬೇಕಾಯಿತು. ಆ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಬಂತು. 3.4 ಕೋಟಿ ಪೌಂಡ್ ಬೆಲೆಯ ತಂತ್ರಾಂಶ ವ್ಯರ್ಥವಾಗಿತ್ತು. ಕೆಟ್ಟ ಸುದ್ದಿ ಮೇಲಕ್ಕೆ ಹೋಗದಂತಹ, ಒಳ್ಳೆಯ ಸುದ್ದಿಯನ್ನೇ ಹೇಳುವ ವಾತಾವರಣ ತಂಡದಲ್ಲಿತ್ತು ಎಂದು ವರದಿ ದಾಖಲಿಸಿತು. ಇಂಥಲ್ಲಿ ಎಷ್ಟು ಸ್ಪ್ರಿಂಟ್ (ಒಂದೆರಡು ವಾರಗಳ ಕೆಲಸದ ತುಂಡಿಗೆ ಅಜೈಲ್‌ನಲ್ಲಿ ಇರುವ ಹೆಸರು) ಓಡಿದರೇನು? ತಪ್ಪಿನ ಸುದ್ದಿ ಬೇಗ ಬರಲೆಂದೇ ಮಾಡಿದ ವ್ಯವಸ್ಥೆಯಲ್ಲಿ ಆ ಸುದ್ದಿ ಹೇಳಲು ಜನ ಹೆದರಿದರೆ ಉಳಿಯುವುದು ಕೇವಲ ಸಭೆಗಳು.

ಆಮೇಲೆ ಇಲಾಖೆಯ ಒಳಗೇ ಒಂದು ತಂಡ ಹೊಸ ಆವೃತ್ತಿಯನ್ನು ಕಟ್ಟತೊಡಗಿತು. 2014ರ ನವೆಂಬರಿನಲ್ಲಿ ಲಂಡನ್ನಿನ ಸಟನ್ ಭಾಗದ ಕೆಲವೇ ಜನರಿಂದ ಆರಂಭಿಸಿ, ಕಲಿತದ್ದನ್ನು ಸೇರಿಸುತ್ತಾ ನಿಧಾನವಾಗಿ ಹರಡಿದರು. ಮೂಲ ಗಡುವು 2017 ಆಗಿತ್ತು. ಅದು ಬಹಳ ಹಿಂದೆಯೇ ಕಳೆದುಹೋಯಿತು. ಆದರೆ 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾರಣದಿಂದ, ಎರಡೇ ವಾರದಲ್ಲಿ ಸುಮಾರು 9.5 ಲಕ್ಷ ಅರ್ಜಿಗಳು ಬಂದು ಬಿದ್ದಾಗ ವ್ಯವಸ್ಥೆ ಕುಸಿಯಲಿಲ್ಲ. ಸ್ಟ್ಯಾಂಡಿಶ್‌ನ ಹಳೆಯ ಅಳತೆಗೋಲಿನಲ್ಲಿ ಇದು ಸೋಲು. ಆ ಎರಡು ವಾರಗಳಲ್ಲಿ ಕೆಲಸ ಕಳೆದುಕೊಂಡು ಅರ್ಜಿ ಹಾಕಿದವರ ದೃಷ್ಟಿಯಲ್ಲಿ ಅಲ್ಲ. ಹಾಗೆಂದು ಎಲ್ಲವೂ ಸುಖವಾಯಿತೆಂದೂ ಅಲ್ಲ: ಮೊದಲ ಹಣ ಕೈಸೇರಲು ಐದು ವಾರ ಕಾಯಬೇಕೆಂಬ ನಿಯಮದಿಂದ ಬಡವರು ಸಾಲಕ್ಕೆ ಬಿದ್ದದ್ದನ್ನು ಯಾವ ಸ್ಪ್ರಿಂಟೂ ಸರಿಪಡಿಸಲಾರದು. ಅದು ಸರಕಾರದ ನೀತಿಯ ಪ್ರಶ್ನೆ.

ಅಜೈಲ್‌ನ ತವರುಮನೆಯ ಒಂದು ಕಥೆಯನ್ನೂ ಹೇಳಬೇಕು. ಕೆಂಟ್ ಬೆಕ್ ಅಜೈಲ್‌ನ ಒಂದು ರೂಪವಾದ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ಎಂಬ ಪದ್ಧತಿಯನ್ನು ರೂಪಿಸಿದ್ದು ಕ್ರೈಸ್ಲರ್ ಕಾರು ಸಂಸ್ಥೆಯ ಸಂಬಳ ಲೆಕ್ಕದ ಪ್ರಾಜೆಕ್ಟಿನಲ್ಲಿ. 1997ರಲ್ಲಿ ಅದು ಸುಮಾರು 10,000 ನೌಕರರಿಗೆ ಸಂಬಳ ಕೊಡತೊಡಗಿತು. 2000ದ ಫೆಬ್ರವರಿಯಲ್ಲಿ ಸಂಸ್ಥೆ ಪ್ರಾಜೆಕ್ಟನ್ನೇ ನಿಲ್ಲಿಸಿತು. ಉಳಿದ ನೌಕರರನ್ನು ಸೇರಿಸುವ ಕೆಲಸ ಮುಗಿಯಲೇ ಇಲ್ಲ. ತಂಡದ ಜೊತೆ ಕೂತು ಏನು ಬೇಕೆಂದು ಹೇಳುತ್ತಿದ್ದ ಗ್ರಾಹಕರ ಪ್ರತಿನಿಧಿ ನಡುವೆ ಬಿಟ್ಟುಹೋದದ್ದು ದೊಡ್ಡ ಪೆಟ್ಟಾಯಿತು. ಇಡೀ ಪದ್ಧತಿಯ ಭಾರ ಆ ಒಬ್ಬ ವ್ಯಕ್ತಿಯ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು ಅಜೈಲ್ ಪ್ರಮಾಣಪತ್ರದ ತರಗತಿಗಳಲ್ಲಿ ಯಾರೂ ಸಾಕಷ್ಟು ಹೇಳುವುದಿಲ್ಲ.

ಈಗ ಬೆಂಗಳೂರಿಗೆ ಬರುತ್ತೇನೆ, ಏಕೆಂದರೆ ಪ್ರಪಂಚದ ಅಜೈಲ್ ಕೆಲಸದಲ್ಲಿ ದೊಡ್ಡ ಪಾಲು ನಡೆಯುವುದು ಇಲ್ಲಿ, ಮತ್ತು ಹಲವು ವರ್ಷ ನಾನೂ ಅದನ್ನೇ ಮಾಡಿದ್ದೇನೆ. ಒಂದು ಪ್ರಾಜೆಕ್ಟಿನಲ್ಲಿ ನಮ್ಮ ಸ್ಟ್ಯಾಂಡ್‌ಅಪ್ ಎಂಬ ದಿನನಿತ್ಯದ ಚಿಕ್ಕ ಸಭೆ ಸಂಜೆ ಏಳೂವರೆಗೆ, ಗ್ರಾಹಕರ ಬೆಳಗಿನ ಹೊತ್ತಿಗೆ. ಒಬ್ಬೊಬ್ಬರೂ ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ ಎಂದು ಹೇಳಿ, “ನೋ ಬ್ಲಾಕರ್ಸ್”, ಅಂದರೆ ಅಡಚಣೆಯೇನೂ ಇಲ್ಲ, ಎಂದು ಮುಗಿಸುತ್ತಿದ್ದೆವು. ಅಡಚಣೆ ಇರುತ್ತಿತ್ತು. ತೆರಿಗೆಯನ್ನು ಸಾಲುಸಾಲಾಗಿ ಪೂರ್ಣಾಂಕಕ್ಕೆ ತರಬೇಕೋ ಅಥವಾ ಬಿಲ್ಲಿನ ಮೊತ್ತಕ್ಕೆ ಒಮ್ಮೆ ಮಾತ್ರವೋ ಎಂಬ ಒಂದು ಪ್ರಶ್ನೆಗೆ ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ಏನು ಮಾಡಬೇಕೆಂದು ಗ್ರಾಹಕರ ಪರವಾಗಿ ಹೇಳಬೇಕಾದ ಪ್ರಾಡಕ್ಟ್ ಓನರ್ ಎಂಬ ಹುದ್ದೆಯಲ್ಲಿ ಇಲ್ಲಿಯೇ ಒಬ್ಬರಿದ್ದರು, ಆದರೆ ಅವರಿಗೆ ತೀರ್ಮಾನಿಸುವ ಅಧಿಕಾರವಿರಲಿಲ್ಲ. ಅವರೂ ಮಿಂಚಂಚೆ ಬರೆದು ಕಾಯಬೇಕಿತ್ತು. ಆದರೂ ಕರೆಯಲ್ಲಿ ಮೇಲಿನವರೆಲ್ಲ ಇದ್ದುದರಿಂದ ಅಡಚಣೆ ಇದೆ ಎನ್ನಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

ಎರಡನೆಯ ತಿಂಗಳಿಗೆ ವೆಲಾಸಿಟಿ ಏಕೆ ಏರುತ್ತಿಲ್ಲ ಎಂದು ಪ್ರಶ್ನೆ ಬಂತು. ವೆಲಾಸಿಟಿ ಎಂದರೆ ಒಂದು ಸ್ಪ್ರಿಂಟಿನಲ್ಲಿ ತಂಡ ಮುಗಿಸಿದ ಸ್ಟೋರಿ ಪಾಯಿಂಟುಗಳ, ಅಂದರೆ ಪ್ರತಿ ಕೆಲಸದ ಗಾತ್ರಕ್ಕೆ ತಂಡವೇ ಕೊಡುವ ಅಂದಾಜು ಅಂಕಗಳ, ಮೊತ್ತ. ಮುಂದಿನ ಸ್ಪ್ರಿಂಟಿಗೆ ಎಷ್ಟು ಕೆಲಸ ಹಿಡಿಯಬಹುದೆಂದು ತಂಡ ತಾನೇ ಅಂದಾಜು ಮಾಡಿಕೊಳ್ಳಲು ಹುಟ್ಟಿದ ಅಂಕಿ ಅದು. ಅದು ತಂಡವನ್ನು ಅಳೆಯುವ ಅಂಕಿಯಾದ ಕೂಡಲೇ, ಮೊದಲು ಮೂರು ಪಾಯಿಂಟಿದ್ದ ಕೆಲಸಕ್ಕೆ ನಾವು ಐದು ಎಂದೆವು, ಆಮೇಲೆ ಎಂಟು ಎಂದೆವು. ಗ್ರಾಫ್ ಏರಿತು. ಬರೆಯುತ್ತಿದ್ದ ಕೋಡ್ ಮಾತ್ರ ಮೊದಲಿನಷ್ಟೇ ಇತ್ತು. ಹನ್ನೊಂದು ಸ್ಪ್ರಿಂಟುಗಳ ನಂತರ, ಗ್ರಾಹಕರ ಕಡೆಯ ಯುಎಟಿ ಎಂಬ ಸ್ವೀಕೃತಿ ಪರೀಕ್ಷೆಯಲ್ಲಿ, ನಿಜವಾದ ಲೆಕ್ಕಿಗರು ಮೊದಲ ಬಾರಿ ಆ ಪರದೆಗಳನ್ನು ನೋಡಿದರು. ರಾಯ್ಸ್ ಹೆದರಿದ್ದು ಯಾವುದಕ್ಕೋ ಅದೇ ಆಯಿತು. ಮಧ್ಯದಲ್ಲಿ ಸ್ಪ್ರಿಂಟ್ ಎಂಬ ಗೆರೆಗಳನ್ನು ಎಳೆದಿದ್ದೆವು, ಅಷ್ಟೇ ವ್ಯತ್ಯಾಸ.

ತಂಡದೊಳಗಿನ ಶಿಸ್ತಿನ ಬಗ್ಗೆ ಸ್ವಲ್ಪ ಗಟ್ಟಿಯಾದ ಪುರಾವೆಯೂ ಇದೆ. ಕೋಡಿಗೆ ಮೊದಲು ಪರೀಕ್ಷೆಯನ್ನು ಬರೆಯುವ ಪದ್ಧತಿಯನ್ನು ಮೈಕ್ರೋಸಾಫ್ಟ್‌ನ ಮೂರು ಮತ್ತು ಐಬಿಎಂನ ಒಂದು ತಂಡದಲ್ಲಿ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದಾಗ, ದೋಷಗಳ ಸಾಂದ್ರತೆ ಶೇ. 40ರಿಂದ 90ರಷ್ಟು ಕಡಿಮೆಯಾಗಿತ್ತು; ಆರಂಭದ ಕೆಲಸಕ್ಕೆ ಶೇ. 15ರಿಂದ 35ರಷ್ಟು ಹೆಚ್ಚು ಸಮಯ ಹಿಡಿದಿತ್ತು. ನಾಲ್ಕೇ ತಂಡಗಳ ಮಾತಾದರೂ ಇದರ ತರ್ಕ ನೇರವಾಗಿದೆ. ಆಗಾಗ ಬದಲಿಸಬೇಕಾದರೆ, ಬದಲಿಸಿದಾಗ ಏನು ಮುರಿಯಿತೆಂದು ಕೂಡಲೇ ಹೇಳುವ ಸ್ವಯಂಚಾಲಿತ ಪರೀಕ್ಷೆಗಳು ಇರಲೇಬೇಕು. ಅವಿಲ್ಲದೆ ಓಡುವ ತಂಡ ಮೂರನೆಯ ತಿಂಗಳಿಗೆ ತನ್ನದೇ ಕೋಡನ್ನು ಮುಟ್ಟಲು ಹೆದರುತ್ತದೆ. ನಮ್ಮಲ್ಲಿ ಸ್ಪ್ರಿಂಟ್, ಸ್ಟ್ಯಾಂಡ್‌ಅಪ್‌ಗಳಂಥ ಸಭೆಗಳು ಮೊದಲು ಬಂದವು, ಈ ಶಿಸ್ತು ಬಹಳ ತಡವಾಗಿ ಬಂತು.

ಎಲ್ಲ ಕೆಲಸಕ್ಕೂ ಇದು ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ತಂಡದ ಗಾತ್ರ, ತಪ್ಪಾದರೆ ಆಗುವ ಹಾನಿ, ಬೇಡಿಕೆಗಳು ಬದಲಾಗುವ ವೇಗ, ಜನರ ಅನುಭವ, ಸಂಸ್ಥೆಯ ಸ್ವಭಾವ ಎಂಬ ಐದನ್ನು ನೋಡಿ ಪದ್ಧತಿಯನ್ನು ಆರಿಸಬೇಕೆಂದು ತಂತ್ರಾಂಶ ತಜ್ಞರಾದ ಬ್ಯಾರಿ ಬೋಮ್ ಮತ್ತು ರಿಚರ್ಡ್ ಟರ್ನರ್ 2003ರಲ್ಲೇ ವಾದಿಸಿದ್ದರು. ಹೃದಯಕ್ಕೆ ಅಳವಡಿಸುವ ಪೇಸ್‌ಮೇಕರಿನ ತಂತ್ರಾಂಶವನ್ನು ರೋಗಿಯ ಮೇಲೆ ಎರಡು ವಾರಕ್ಕೊಮ್ಮೆ ಪ್ರಯೋಗಿಸಲಾಗದು. ಅಲ್ಲಿಯೂ ಪ್ರಯೋಗಾಲಯದ ಒಳಗೆ ಸಣ್ಣ ಹೆಜ್ಜೆಗಳಲ್ಲಿ ಕೆಲಸ ಮಾಡಬಹುದು. ಬಿಡುಗಡೆಗೆ ಮಾತ್ರ ಬೇರೆ ನಿಯಮ ಬೇಕು.

ನಮ್ಮ ಆ ಪ್ರಾಜೆಕ್ಟಿನಲ್ಲಿ ಯುಎಟಿಯ ಪೆಟ್ಟಿನ ನಂತರ ಎರಡು ಬದಲಾವಣೆಗಳಾದವು. ಗ್ರಾಹಕರ ಕಡೆಯ ಒಬ್ಬ ಹಿರಿಯ ಲೆಕ್ಕಿಗರು ದಿನಕ್ಕೆ ಅರ್ಧ ಗಂಟೆ ನಮ್ಮ ಜೊತೆ ಮಾತನಾಡತೊಡಗಿದರು, ಮತ್ತು ಮುಗಿದ ಭಾಗವನ್ನು ಎರಡು ವಾರಕ್ಕೊಮ್ಮೆ ಅವರ ಒಂದೇ ಒಂದು ಶಾಖೆಯಲ್ಲಿ ನಿಜವಾದ ಬಿಲ್ಲುಗಳಿಗೆ ಬಳಸತೊಡಗಿದರು. ನಾಲ್ಕು ದಿನ ಕಾಯುತ್ತಿದ್ದ ಪ್ರಶ್ನೆಗೆ ಅದೇ ಸಂಜೆ ಉತ್ತರ ಸಿಗುತ್ತಿತ್ತು. ಬ್ಯಾಕ್‌ಲಾಗ್ ಎಂಬ ಬಾಕಿ ಕೆಲಸಗಳ ಪಟ್ಟಿಯಲ್ಲಿದ್ದ ಎಷ್ಟೋ ವರದಿಗಳು ತಮಗೆ ಬೇಕಿಲ್ಲವೆಂದು, ಅದರ ಬದಲು ರದ್ದಾದ ಬಿಲ್ಲುಗಳ ಒಂದು ಸರಳ ಪಟ್ಟಿ ಸಾಕೆಂದು ಅವರೇ ಹೇಳಿದರು. ಆ ರದ್ದಾದ ಬಿಲ್ಲುಗಳ ಪಟ್ಟಿಯನ್ನು ನಾವು ಮೂರು ದಿನದಲ್ಲಿ ಬರೆದು ಮುಗಿಸಿದೆವು. ಬೇಡವಾದ ವರದಿಗಳನ್ನು ಒಪ್ಪಂದದಿಂದ ತೆಗೆಯಲು ಚೇಂಜ್ ರಿಕ್ವೆಸ್ಟ್ ಎಂಬ ಬದಲಾವಣೆಯ ಕೋರಿಕೆ ಬರೆದು, ಎರಡೂ ಕಡೆಯ ಸಹಿ ಬೀಳುವ ಹೊತ್ತಿಗೆ ಏಳು ವಾರ ಕಳೆದಿತ್ತು; ಆ ಏಳು ವಾರವೂ ನಮ್ಮಲ್ಲಿ ಇಬ್ಬರು, ಯಾರಿಗೂ ಬೇಡವಾದ ಆ ವರದಿಗಳನ್ನೇ ಬರೆಯುತ್ತಿದ್ದರು.